ಓಡೋಕೆ ನಾಸಿಕ್ ದ್ರಾಕ್ಷಿ ತೋಟವಾ, ಸಿಂಹಗಡವಾ, ವೇತಾಳ ಟೇಕಡಿಯಾ?

ಪುಣೆಗೆ ಹೊಸಬರು, ಟಾರು ರಸ್ತೆ ಬಿಟ್ಟು ಮಣ್ಣಲ್ಲಿ ಓಡಬೇಕು ಅಂತ ಕೇಳಿದ್ದೀರಲ್ವಾ? ಮೂರೂ ಕಡೆ ಓಡಿದ್ದೇನೆ.

ಮೊದಲು ಖರ್ಚು. ವೇತಾಳ ಟೇಕಡಿ ಅನ್ನೋ ಗುಡ್ಡ ಪುಣೆಯೊಳಗೇ ಇದೆ, ಕೊಥ್ರೂಡ್ ಕಡೆಯವರು ಮನೆಯಿಂದಲೇ ಓಡಿಕೊಂಡು ಹೋಗಬಹುದು. ಸಿಂಹಗಡ ಕೋಟೆ ಸುಮಾರು 30 ಕಿ.ಮೀ., ಪೆಟ್ರೋಲು ಅಷ್ಟೇ. ನಾಸಿಕ್ 200 ಕಿ.ಮೀ.ಗಿಂತ ಜಾಸ್ತಿ, ಒಂದು ರಾತ್ರಿ ಉಳಿಯಲೇಬೇಕು, ರೂಮಿನ ಬಾಡಿಗೆಯೂ ಸೇರುತ್ತದೆ.

ಆದರೆ ಉದ್ದ ಓಟಕ್ಕೆ ನಾಸಿಕ್ ಚೆನ್ನ. ಗಂಗಾಪುರ ಅಣೆಕಟ್ಟಿನ ಕಡೆ ಸಣ್ಣಪುಟ್ಟ ಏರಿಳಿತ, ಒಂದೇ ಲಯದಲ್ಲಿ ಓಡಬಹುದು. ಜನವರಿಯಿಂದ ಮಾರ್ಚ್ ಕೊಯ್ಲಿನ ಕಾಲ, ಬೆಳಗಿನ ಚಳಿಯೂ ಇರುತ್ತದೆ. ತೋಟದೊಳಗೆ ಮಾತ್ರ ಕೇಳದೆ ನುಗ್ಗಬೇಡಿ, ಅದು ಯಾರದೋ ಜಮೀನು, ಔಷಧಿ ಹೊಡೆದಿರುತ್ತಾರೆ. ನಾನೊಮ್ಮೆ ಅನುಮತಿ ಪಡೆದೇ ಒಳಗೆ ಹೋಗಿ, ಗೊಂಚಲು ನೋಡುತ್ತಾ ಓಡಿ, ಹನಿ ನೀರಾವರಿ ಪೈಪಿಗೆ ಕಾಲು ಸಿಕ್ಕಿ ಮಕಾಡೆ ಬಿದ್ದೆ. ಮೊಣಕಾಲಿನ ಗಾಯದಲ್ಲಿ ಮಣ್ಣು, ಕೈಯಲ್ಲಿ ಒಡೆದ ದ್ರಾಕ್ಷಿ!

ಏರು ಬೇಕಾದರೆ ಸಿಂಹಗಡ. ಕೋಟೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿ, ಬುಡದ ಆತಕರವಾಡಿ ಹಳ್ಳಿಯಿಂದ ಹತ್ತುವ ದಾರಿಯಲ್ಲಿ ಓಟ ಅನ್ನೋದು ಸುಮ್ನೆ ಹೆಸರಿಗೆ, ಅರ್ಧ ನಡಿಗೆಯೇ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಭಾನುವಾರ ಜನಜಾತ್ರೆ. ಮೊಣಕಾಲು ನೋವಿದ್ದವರು ಇಳಿಯುವಾಗ ಹುಷಾರು.

ಆಫೀಸಿಗೆ ಮುಂಚೆ ದಿನಾ ಓಡುವವರಿಗೆ ಟೇಕಡಿಯೇ ಸರಿ. ನವಿಲು ಕೂಗುತ್ತವೆ, ಬೇಸಿಗೆಯಲ್ಲಿ ನೆರಳು ಕಡಿಮೆ, ನೀರು ಒಯ್ಯಿರಿ. ಸಿಂಹಗಡದ ಮೇಲಾದರೆ ಮಡಕೆ ಮೊಸರು ಸಿಗುತ್ತದೆ, ನಾನು ಅರ್ಧ ಅದಕ್ಕೇ ಹತ್ತುವುದು.