ಸೆಲೆಸ್ಟ್: ಆರು ವರ್ಷ ಆಡಿದ ಮೇಲೆ

ನನ್ನ ಸೇವ್ ಫೈಲ್ ತೆರೆದರೆ ಪುಟ್ಟ ತಲೆಬುರುಡೆಯ ಪಕ್ಕದಲ್ಲಿ ಒಂದು ಸಂಖ್ಯೆ ಕಾಣುತ್ತದೆ: 11,482. ಆರು ವರ್ಷಗಳಲ್ಲಿ ಸೆಲೆಸ್ಟ್ ಆಟದಲ್ಲಿ ನಾನು ಸತ್ತಿರುವುದು ಅಷ್ಟು ಸಲ. ಮೂವತ್ತು ವರ್ಷಗಳಿಂದ ವಿಡಿಯೋ ಗೇಮ್ ಆಡುತ್ತಿದ್ದೇನೆ; ನನ್ನನ್ನು ಇಷ್ಟು ಸಲ ಸೋಲಿಸಿದ ಆಟ ಇನ್ನೊಂದಿಲ್ಲ, ಇಷ್ಟು ಸಲ ಮರಳಿ ಕರೆಸಿಕೊಂಡ ಆಟವೂ ಇನ್ನೊಂದಿಲ್ಲ. ಇವೆರಡೂ ಒಂದೇ ಕಡೆ ಹೇಗೆ ಕೂಡಿಬಂದವು ಎಂಬುದನ್ನು ಹೇಳಲೆಂದೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಸೆಲೆಸ್ಟ್ ಬಂದದ್ದು 2018ರ ಜನವರಿಯಲ್ಲಿ. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಅದಕ್ಕೂ ಮೊದಲು ನಾಲ್ಕೇ ದಿನಗಳಲ್ಲಿ ಮಾಡಿದ್ದ ಪುಟ್ಟ ಆಟವೊಂದು ಇದರ ಬೀಜ. ಮ್ಯಾಡೆಲಿನ್ ಎಂಬ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ಕಥೆ ಅಷ್ಟೇ. ಅವಳು ಓಡುತ್ತಾಳೆ, ಜಿಗಿಯುತ್ತಾಳೆ, ಗೋಡೆ ಹಿಡಿದು ಏರುತ್ತಾಳೆ, ಗಾಳಿಯಲ್ಲಿದ್ದಾಗ ಒಮ್ಮೆ ಬೇಕಾದ ದಿಕ್ಕಿಗೆ ಚಿಮ್ಮುತ್ತಾಳೆ. ಕೂದಲು ಕೆಂಪಗಿದ್ದರೆ ಚಿಮ್ಮುವ ಶಕ್ತಿ ಉಳಿದಿದೆ, ನೀಲಿಯಾಗಿದ್ದರೆ ಮುಗಿದಿದೆ. ಪರದೆಯ ಮೂಲೆಯಲ್ಲಿ ಯಾವ ಪಟ್ಟಿಯೂ ಇಲ್ಲ, ಅಂಕಿಯೂ ಇಲ್ಲ. ಕಣ್ಣು ಹೇಗೂ ಅವಳ ಮೇಲೆಯೇ ಇರುತ್ತದೆ, ತಿಳಿಯಬೇಕಾದದ್ದು ಅಲ್ಲೇ ಇದೆ. ಆಟಗಳ ವಿನ್ಯಾಸದಲ್ಲಿ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಕೆಲಸಗಳಲ್ಲಿ ಇದೂ ಒಂದು.

ನಾಲ್ಕನೆಯ ಅಧ್ಯಾಯ ಗೋಲ್ಡನ್ ರಿಡ್ಜ್‌ನಲ್ಲಿ ಗಾಳಿ ಬೀಸುತ್ತದೆ. ಅಲ್ಲಿನ ಒಂದು ಪರದೆ, ಎಂದರೆ ಒಮ್ಮೆಗೆ ಕಾಣುವ ಆಟದ ಒಂದು ತುಣುಕು, ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಿಲ್ಲಲು ಗೇಣು ಜಾಗ. ಎದುರುಗಾಳಿ. ಮುಂದೆ ಗುಲಾಬಿ ಬಣ್ಣದ ಮೋಡ. ಒಂದೇ ಸಲ ಮೇಲಕ್ಕೆ ಎತ್ತಿ ಎಸೆದು ಕರಗಿಹೋಗುವಂಥದ್ದು. ಅದರಾಚೆ ಗಾಳಿಯಲ್ಲೇ ತೇಲುವ ಹಸಿರು ಹರಳು. ಅದನ್ನು ಮುಟ್ಟಿದರೆ ಇನ್ನೊಮ್ಮೆ ಚಿಮ್ಮಬಹುದು. ಅದರಾಚೆ ಗೋಡೆ. ಕೆಳಗೆ ಏನೂ ಇಲ್ಲ. ಮೊದಲ ಹತ್ತು ಸಲ ಮೋಡ ಮೇಲೇಳುವುದನ್ನು ಕಾಯದೆ ಆತುರದಿಂದ ಜಿಗಿದು, ಎತ್ತರ ಸಾಲದೆ ಬಿದ್ದೆ. ಆಮೇಲಿನ ಹತ್ತು ಸಲ ಹರಳು ಮುಟ್ಟುವ ಮೊದಲೇ ಗುಂಡಿ ಒತ್ತಿದೆ. ಕೂದಲು ಇನ್ನೂ ನೀಲಿಯಾಗಿಯೇ ಇತ್ತು. ಗೋಡೆ ಸಿಕ್ಕ ಮೇಲೂ ಯೋಚಿಸುತ್ತಾ ಹೆಚ್ಚು ಹೊತ್ತು ಹಿಡಿದುಕೊಂಡೆ. ಅವಳ ಕೈ ಸೋತು, ಮೈ ಕೆಂಪಗೆ ಮಿನುಗಿ, ಜಾರಿಬಿದ್ದಳು. ಸುಮಾರು ನಲವತ್ತನೆಯ ಸಲಕ್ಕೆ ಬೆರಳುಗಳೇ ಲೆಕ್ಕ ಹಿಡಿದವು. ದಾಟಿದೆ.

ಆ ನಲವತ್ತು ಸಲದಲ್ಲಿ ಒಮ್ಮೆಯೂ ನನಗೆ ಕಂಟ್ರೋಲರ್ ಕೆಳಗಿಡಬೇಕೆನ್ನಿಸಲಿಲ್ಲ. ಸತ್ತರೆ ಒಂದು ಉಸಿರು ಎಳೆಯುವಷ್ಟರಲ್ಲಿ ಅದೇ ಪರದೆಯ ಆರಂಭದಲ್ಲಿ ನಿಂತಿರುತ್ತೇವೆ. ಹಿಂದಿನ ಪರದೆಗಳನ್ನು ಮತ್ತೆ ದಾಟಬೇಕಾಗಿಲ್ಲ. ಎಷ್ಟು ಜೀವ ಉಳಿದಿವೆ ಎಂಬ ಲೆಕ್ಕವಿಲ್ಲ. ಮುಖ್ಯವಾಗಿ, ಸಂಗೀತ ನಿಲ್ಲುವುದಿಲ್ಲ. ಲೀನಾ ರೈನ್ ಅವರ ಸಂಗೀತ ಸಾವನ್ನು ಗಮನಿಸಿಯೇ ಇಲ್ಲವೆಂಬಂತೆ ಹರಿಯುತ್ತಲೇ ಇರುತ್ತದೆ. ಹಾಡು ಪ್ರತಿ ಸಲ ಮೊದಲಿನಿಂದ ಶುರುವಾಗಿದ್ದರೆ ನಲವತ್ತು ಸಾವೂ ನಲವತ್ತು ಬೇರೆ ಬೇರೆ ಸೋಲುಗಳಾಗುತ್ತಿದ್ದವು. ಹಾಡು ಮುರಿಯದ ಕಾರಣ ಅವೆಲ್ಲ ಒಂದೇ ಪ್ರಯತ್ನದ ತುಣುಕುಗಳಂತೆ ಅನ್ನಿಸುತ್ತವೆ.

ಇದರ ಬೆಲೆ ತಿಳಿಯಬೇಕಾದರೆ ಹಿಂದಿನ ಆಟಗಳನ್ನು ಆಡಿರಬೇಕು. ‘ಮೂರು ಜೀವ’ ಎಂಬುದು ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲದ ಬಳುವಳಿ. ಅಲ್ಲಿ ಆಟಗಾರ ಬೇಗ ಸೋತರೆ ಯಂತ್ರದೊಳಗೆ ಇನ್ನೊಂದು ನಾಣ್ಯ ಬೀಳುತ್ತಿತ್ತು, ಆದ್ದರಿಂದ ಆ ಲೆಕ್ಕಕ್ಕೆ ಅರ್ಥವಿತ್ತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಮನೆಯ ಟಿವಿಯಲ್ಲಿ ಆಡುವ ಆಟ. ಅಲ್ಲಿ ನಾಣ್ಯ ಹಾಕುವ ಕಿಂಡಿಯೇ ಇಲ್ಲ, ಆದರೂ ಮೂರು ಜೀವದ ಲೆಕ್ಕ ಉಳಿದುಕೊಂಡಿತು. ಅದೇ ಮಾರಿಯೋ 2017ರ ಸೂಪರ್ ಮಾರಿಯೋ ಒಡಿಸ್ಸಿ ಆಟದಲ್ಲಿ ಜೀವಗಳ ಲೆಕ್ಕವನ್ನು ಕೈಬಿಟ್ಟು, ಸತ್ತರೆ ಹತ್ತು ನಾಣ್ಯ ಕಳೆಯುವುದಕ್ಕೆ ಇಳಿಯಿತು. ಯಂತ್ರ ಹೋದ ಮೇಲೂ ಅದರ ಅಭ್ಯಾಸ ಹೋಗಲು ಮೂರು ದಶಕ ಬೇಕಾಯಿತು.

ಸೆಲೆಸ್ಟ್ ಸುಲಭದ ಆಟವಲ್ಲ, ಆದರೆ ಕರುಣೆಯುಳ್ಳ ಆಟ. ಆ ಕರುಣೆ ಕಣ್ಣಿಗೆ ಬೀಳುವುದಿಲ್ಲ. ಬಂಡೆಯ ಅಂಚು ದಾಟಿ ಕಾಲು ಗಾಳಿಗೆ ಇಟ್ಟಾದ ಮೇಲೂ ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಜಿಗಿಯಬಹುದು. ನೆಲ ಮುಟ್ಟುವ ತುಸು ಮೊದಲೇ ಗುಂಡಿ ಒತ್ತಿದರೆ ಆಟ ಅದನ್ನು ನೆನಪಿಟ್ಟುಕೊಂಡು, ನೆಲ ಮುಟ್ಟಿದ ಕೂಡಲೇ ಜಿಗಿಸುತ್ತದೆ. ಮೇಲಕ್ಕೆ ಹೋಗುವಾಗ ತಲೆ ಮೂಲೆಗೆ ತಾಗಿದರೆ ಕೆಲವು ಪಿಕ್ಸೆಲ್‌ಗಳಷ್ಟು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಡುತ್ತದೆ. ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಜಿಗಿತದ ತುದಿಯಲ್ಲಿ ಗುರುತ್ವ ಅರ್ಧಕ್ಕೆ ಇಳಿಯುತ್ತದೆ, ಎಲ್ಲಿ ಇಳಿಯಬೇಕೆಂದು ನೋಡಲು ಒಂದು ಕ್ಷಣ ಸಿಗುತ್ತದೆ. ಇದಾವುದೂ ಗೊತ್ತಿಲ್ಲದೆ ನಾನು ಎರಡು ವರ್ಷ ಆಡಿದೆ. ನನ್ನ ಕೈ ಬಲು ನಿಖರ ಎಂದುಕೊಂಡಿದ್ದೆ. ಗೊತ್ತಾದ ಮೇಲೆ ಬೇಸರವಾಗಲಿಲ್ಲ, ಮಾಡಿದವರ ಮೇಲೆ ಗೌರವ ಬಂತು. ನಾನು ಏನು ಮಾಡಿದೆ ಎಂಬುದಕ್ಕಿಂತ ಏನು ಮಾಡಹೊರಟಿದ್ದೆ ಎಂಬುದನ್ನು ಅವರು ಗಮನಿಸಿದ್ದರು.

ನನ್ನ ಮೊದಲ ಆಟ ಪ್ರಿನ್ಸ್ ಆಫ್ ಪರ್ಷಿಯಾ. 1989ರದು. ಜೋರ್ಡನ್ ಮೆಕ್ನರ್ ತಮ್ಮನ ಓಟ, ಜಿಗಿತಗಳನ್ನು ವಿಡಿಯೋದಲ್ಲಿ ಸೆರೆಹಿಡಿದು, ಅದನ್ನೇ ನೋಡಿ ರಾಜಕುಮಾರನನ್ನು ಚಿತ್ರಿಸಿದ್ದರು. ಆ ನಡಿಗೆಯ ಜೀವಂತಿಕೆ ಇಂದಿಗೂ ಮಾಸಿಲ್ಲ. ಅಲ್ಲಿ ಸೋಲು ಕಠೋರ. ಎಷ್ಟು ಸಲ ಬೇಕಾದರೂ ಸಾಯಬಹುದು, ಆದರೆ ಇಡೀ ಆಟಕ್ಕೆ ಅರವತ್ತೇ ನಿಮಿಷ. ಸತ್ತವರಿಗಾಗಿ ಗಡಿಯಾರ ಕಾಯುವುದಿಲ್ಲ. ಹಾಗಿದ್ದೂ ಆ ಆಟದ ಒಂದು ದೃಶ್ಯವನ್ನು ಸೆಲೆಸ್ಟ್ ಪಕ್ಕದಲ್ಲಿಟ್ಟು ನೋಡಬೇಕು. ಇನ್ನೂ ಆಡಿಲ್ಲದವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು, ಎರಡೂ ಆಟಗಳ ಗುಟ್ಟು ಅಲ್ಲಿದೆ.

ರಾಜಕುಮಾರ ದಾರಿಗೆ ಅಡ್ಡವಾದ ಕನ್ನಡಿಯೊಂದರ ಮೂಲಕ ಜಿಗಿಯುತ್ತಾನೆ, ಅದರಿಂದ ಅವನ ನೆರಳು ಹೊರಬಂದು ಬೇರೆಯಾಗುತ್ತದೆ. ಕೊನೆಗೆ ಆ ನೆರಳು ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮದೇ ಪ್ರಾಣ ಕುಗ್ಗುತ್ತದೆ. ಅಷ್ಟು ಹಂತಗಳುದ್ದಕ್ಕೂ ಕತ್ತಿವರಸೆ ಕಲಿತು ಬಂದ ನಾನು ಅದನ್ನು ಹೊಡೆದು ಹೊಡೆದು ಸತ್ತೆ. ಕತ್ತಿಯನ್ನು ಒರೆಗೆ ಹಾಕಿ ಅದರತ್ತ ನಡೆದರೆ ನೆರಳು ನಮ್ಮೊಳಗೆ ಸೇರಿಕೊಳ್ಳುತ್ತದೆ ಎಂದು ಹೊಳೆದ ದಿನ ನನಗಿನ್ನೂ ನೆನಪಿದೆ. ಸುಮಾರು ಮೂವತ್ತು ವರ್ಷಗಳ ನಂತರ ಮ್ಯಾಡೆಲಿನ್‌ಗೂ ಕನ್ನಡಿಯಿಂದ ಹೊರಬಂದ ಇನ್ನೊಬ್ಬ ಮ್ಯಾಡೆಲಿನ್ ಬೆನ್ನು ಹತ್ತುತ್ತಾಳೆ: ಅವಳ ಭಯ, ಅವಳ ಅಪನಂಬಿಕೆ. ಆರನೆಯ ಅಧ್ಯಾಯದಲ್ಲಿ ಅವರಿಬ್ಬರೂ ರಾಜಿಯಾದ ಮೇಲೆ ಕೂದಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಗಾಳಿಯಲ್ಲಿ ಎರಡು ಸಲ ಚಿಮ್ಮಲು ಬರುತ್ತದೆ. ಮಾತಿನಲ್ಲಿ ಹೇಳಬಹುದಾಗಿದ್ದ ರಾಜಿಯನ್ನು ಬೆರಳಿಗೆ ಸಿಗುವ ಹಾಗೆ ಮಾಡಿದ್ದಾರೆ. ಕಥೆ ಹೇಳಲು ಆಟವೇ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಎರಡು ಕನ್ನಡಿಗಳನ್ನು.

ಸೋಲು ಹಗುರವಾಗಿದ್ದರೆ ಮಾತ್ರ ಆಟ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. 2011ರ ಡಾರ್ಕ್ ಸೋಲ್ಸ್ ನನಗೆ ಅಷ್ಟೇ ಪ್ರಿಯ, ಅಲ್ಲಿ ಸಾವು ಭಾರವಾದದ್ದು. ಖರ್ಚು ಮಾಡದೆ ಉಳಿಸಿಕೊಂಡ ಗಳಿಕೆಯೆಲ್ಲ ಸತ್ತ ಜಾಗದಲ್ಲೇ ಬೀಳುತ್ತದೆ. ಅಲ್ಲಿಗೆ ತಲುಪುವ ಮೊದಲು ಇನ್ನೊಮ್ಮೆ ಸತ್ತರೆ ಅದು ಕೈಬಿಟ್ಟಂತೆಯೇ. ಗಂಟೆಗಟ್ಟಲೆ ಒದ್ದಾಡಿ, ಇನ್ನು ಹಿಂದಿರುಗುವ ದಾರಿಯೇ ಇಲ್ಲವೆಂದುಕೊಂಡು, ಒಂದು ಹಳೆಯ ಚರ್ಚಿನ ಪಕ್ಕದ ಲಿಫ್ಟ್ ಹತ್ತಿದೆ. ಅದು ಕೆಳಗಿಳಿಯುತ್ತಾ ಹೋದಂತೆ ಪರಿಚಿತವಾದ ರಾಗ ಕೇಳಿಸತೊಡಗಿತು. ಬಾಗಿಲಾಚೆ ನಾನು ಅಷ್ಟು ಹೊತ್ತಿನ ಹಿಂದೆ ಬಿಟ್ಟು ಹೊರಟಿದ್ದ ತಂಗುದಾಣ ಫೈರ್‌ಲಿಂಕ್ ಶ್ರೈನ್‌ನ ಬೆಂಕಿ ಉರಿಯುತ್ತಿತ್ತು. ಸೋಲು ಅಷ್ಟು ಭಾರವಾಗಿರದಿದ್ದರೆ ಆ ಲಿಫ್ಟ್ ಬರೀ ಲಿಫ್ಟ್ ಆಗಿರುತ್ತಿತ್ತು. 2019ರ ಔಟರ್ ವೈಲ್ಡ್ಸ್‌ನಲ್ಲಂತೂ ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಸೂರ್ಯನೇ ಸಿಡಿದು ಎಲ್ಲವೂ ಮೊದಲಿಗೆ ಮರಳುತ್ತದೆ. ಉಳಿಯುವುದು ನಮಗೆ ತಿಳಿದದ್ದು ಮಾತ್ರ. ಮೂರೂ ಆಟಗಳು ಮೂರು ರೀತಿ. ಆದರೆ ಮೂರರಲ್ಲೂ ಸತ್ತವನ ಕೈಗೆ ಏನೋ ಒಂದು ಸಿಗುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಸೋಲನ್ನು ಮಾರುವ ಆಟಗಳ ಮೇಲೆ. ಮೊಬೈಲ್‌ನಲ್ಲಿ ಒಂದು ಒಗಟಿನ ಆಟವನ್ನು ತಿಂಗಳುಗಟ್ಟಲೆ ಆಡಿದ್ದೆ. ಐದು ಸಲ ಸೋತರೆ ಬಾಗಿಲು ಮುಚ್ಚುತ್ತಿತ್ತು: ಅರ್ಧ ಗಂಟೆ ಕಾಯಿರಿ, ಇಲ್ಲವೇ ಹಣ ಕೊಡಿ. ಇನ್ನೊಂದೇ ಹೆಜ್ಜೆ ಇದ್ದಾಗ ಸೋಲುವುದು ಮೇಲಿಂದ ಮೇಲೆ ಆಗತೊಡಗಿದಾಗ, ತಪ್ಪು ನನ್ನದೋ ಅಂಗಡಿಯದೋ ಎಂಬ ಅನುಮಾನ ಹುಟ್ಟಿತು. ಆ ಅನುಮಾನ ಒಮ್ಮೆ ಹೊಕ್ಕ ಮೇಲೆ ಆಡುವುದಕ್ಕೆ ಏನೂ ಉಳಿಯುವುದಿಲ್ಲ. ಅಳಿಸಿಹಾಕಿದೆ. ಸೆಲೆಸ್ಟ್‌ನಲ್ಲಿ ಸ್ಟ್ರಾಬೆರಿಗಳನ್ನು ಕೂಡಿಹಾಕಬಹುದು, ಅವುಗಳಿಂದ ಯಾವ ಶಕ್ತಿಯೂ ಬರುವುದಿಲ್ಲ. ಎಷ್ಟು ಸಿಕ್ಕಿದವೋ ಅದಕ್ಕೆ ತಕ್ಕಂತೆ ಕೊನೆಯಲ್ಲಿ ಮ್ಯಾಡೆಲಿನ್ ಮಾಡುವ ಪೈ ಚೆನ್ನಾಗಿ ಬರುತ್ತದೆ, ಅಷ್ಟೇ. ಅದಕ್ಕಾಗಿಯೇ ನಾನು ಎಲ್ಲ 175ನ್ನೂ ಹುಡುಕಿದೆ.

ತಕರಾರುಗಳೂ ಇವೆ. ಮೂರನೆಯ ಅಧ್ಯಾಯದ ಹೋಟೆಲ್ ಉದ್ದವಾಯಿತು. ಅಲ್ಲಿನ ಮಾತುಕತೆ ಪ್ರತಿ ಸಲವೂ ನನ್ನ ಉತ್ಸಾಹವನ್ನು ತಗ್ಗಿಸುತ್ತದೆ. ಅದಕ್ಕಿಂತ ದೊಡ್ಡದು 2019ರಲ್ಲಿ ಉಚಿತವಾಗಿ ಬಂದ ಫೇರ್‌ವೆಲ್ ಎಂಬ ಹೆಚ್ಚುವರಿ ಅಧ್ಯಾಯದ ಕೊನೆಯ ಕೋಣೆ. ಅಲ್ಲಿಯವರೆಗೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಕಲಿಸಿದ ಆಟ ಅಲ್ಲಿ ಇದ್ದಕ್ಕಿದ್ದಂತೆ ಒಂದೇ ಉಸಿರಿಗೆ ದಾಟಬೇಕಾದ ಉದ್ದನೆಯ ಹಾದಿಯನ್ನು ಎದುರಿಗಿಡುತ್ತದೆ. ತುದಿಯಲ್ಲಿ ತಪ್ಪಿದರೆ ಬುಡದಿಂದ ಶುರು. ಕಷ್ಟವಿರಲಿ ಎಂದೇ ನಾನೂ ಬಯಸುತ್ತೇನೆ. ಆದರೆ ಆಗಲೇ ಕಲಿತಾದ ಭಾಗವನ್ನು ನೂರನೆಯ ಸಲ ಮಾಡುವುದರಲ್ಲಿ ಕಲಿಯಲು ಏನೂ ಇಲ್ಲ. ಆಟ ತನ್ನದೇ ಮಾತನ್ನು ಅಲ್ಲಿ ಮರೆತಿದೆ.

ಬೆರಳುಗಳ ವಿಷಯ ಹೇಳಲೇಬೇಕು. ಗೋಡೆ ಹಿಡಿಯುವ ಗುಂಡಿಯನ್ನು ಒತ್ತಿ ಹಿಡಿದು ಹಿಡಿದು ನನ್ನ ಬಲಗೈ ತೋರುಬೆರಳು ನೋಯತೊಡಗಿತು. ಆಯ್ಕೆಗಳ ಪಟ್ಟಿಯಲ್ಲಿ ಗುಂಡಿಗಳನ್ನು ಬದಲಿಸಿಕೊಂಡೆ, ಸ್ವಲ್ಪ ಹಗುರವಾಯಿತು. ಕೊನೆಗೆ ಅಸಿಸ್ಟ್ ಮೋಡ್ ತೆರೆದೆ. ಅದರಲ್ಲಿ ಆಟದ ವೇಗವನ್ನು ಇಳಿಸಬಹುದು, ಗೋಡೆ ಹಿಡಿದಾಗ ಕೈ ಸೋಲದಂತೆ ಮಾಡಬಹುದು, ಬೇಕೆಂದರೆ ಸಾವೇ ಇಲ್ಲದಂತೆಯೂ ಮಾಡಿಕೊಳ್ಳಬಹುದು. ಕಥೆಯಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಐದು ವರ್ಷ ಅದನ್ನು ಮುಟ್ಟದೆ ಇದ್ದದ್ದು ನನ್ನ ಹಟ. ಕಳೆದ ತಿಂಗಳು ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿ ಆ ಕೊನೆಯ ಕೋಣೆಯನ್ನು ದಾಟಿದೆ. ಎದೆ ಅಷ್ಟೇ ಜೋರಾಗಿ ಹೊಡೆದುಕೊಂಡಿತು.

ಈಗ ವೇಗವನ್ನು ತೊಂಬತ್ತಕ್ಕೆ ಏರಿಸಿದ್ದೇನೆ. ಅದೇ ಕೋಣೆಯ ಮುಕ್ಕಾಲು ಪಾಲು ಬರುತ್ತದೆ, ಕೊನೆಯ ತಿರುವಿನಲ್ಲಿ ಒಂದು ಚಿಮ್ಮು ಇನ್ನೂ ಕೈಗೆ ಹತ್ತಿಲ್ಲ. ರಾತ್ರಿ ಅರ್ಧ ಗಂಟೆ ಅದಕ್ಕೇ ಮೀಸಲು.