ಪ್ಲಗಿನ್ ತೂತಿಗೆ ಯಾವ ಕಾವಲು? ನಾಲ್ಕು ಸೈಟಿನಲ್ಲಿ ನಾಲ್ಕು ದಾರಿ ಹಾಕಿ ನೋಡಿದೆ

ನಾನು ನೋಡಿಕೊಳ್ಳುವ ಒಂದು ಹೋಂಸ್ಟೇಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಜಪಾನಿ ಅಕ್ಷರಗಳು ಬಂದವು. ಕೈಚೀಲ, ವಾಚು ಮಾರುವ ಪುಟಗಳು, ನೂರಾರು. ಸೈಟನ್ನು ನೇರವಾಗಿ ತೆರೆದರೆ ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಹಾಗಾಗಿ ವಾರಗಟ್ಟಲೆ ಯಾರಿಗೂ ಗೊತ್ತಾಗಿರಲಿಲ್ಲ. ಕಳ್ಳರು ಎಲ್ಲಿಂದ ನುಗ್ಗಿದರು ಅಂತ ಎರಡು ರಾತ್ರಿ ಹುಡುಕಿದ ಮೇಲೆ ಸಿಕ್ಕಿದ್ದು ತೂತಿದ್ದ ಒಂದು ಫಾರ್ಮ್ ಪ್ಲಗಿನ್. ಪ್ಲಗಿನ್ ಅಂದರೆ ಸೈಟು ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಹೊಸ ಸೌಲಭ್ಯ ಸೇರಿಸುವ ತುಂಡು, ತೂತು ಅಂದರೆ ಅದರ ಭದ್ರತೆಯ ದೋಷ. ಸೈಟಿಗೆ ರೂಪ ಕೊಡುವ ಥೀಮ್ ಜೊತೆ ಬಂದಿದ್ದು. ಅದಕ್ಕೆ ನಮ್ಮ ಹೆಸರಲ್ಲಿ ಲೈಸೆನ್ಸ್ ಇರಲಿಲ್ಲ, ಆದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಅಪ್‌ಡೇಟ್ ಇದೆ ಅಂತ ಒಂದು ದಿನವೂ ತೋರಿಸಿರಲಿಲ್ಲ.

ಇದು ಹೊಸ ಸಮಸ್ಯೆ ಅಲ್ಲ. 2014ರ ಡಿಸೆಂಬರ್‌ನಲ್ಲಿ ರೆವಲ್ಯೂಷನ್ ಸ್ಲೈಡರ್ ಅನ್ನುವ ಪ್ಲಗಿನ್‌ನ ಹಳೆ ಆವೃತ್ತಿಯ ತೂತಿನಿಂದ ಸಾವಿರಾರು ವರ್ಡ್‌ಪ್ರೆಸ್ ಸೈಟುಗಳು ಹಾಳಾದವು. ತೂತಿಗೆ ತಿದ್ದುಪಡಿ ಆಗಲೇ ಬಂದಿತ್ತು. ಆದರೆ ಅದು ಥೀಮುಗಳ ಒಳಗೆ ಸೇರಿಕೊಂಡಿದ್ದರಿಂದ, ತಮ್ಮ ಸೈಟಿನಲ್ಲಿ ಅದು ಇದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ಹೋಂಸ್ಟೇ ಸೈಟನ್ನು ತೊಳೆದು ಮತ್ತೆ ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ನನ್ನ ಕೈಯಲ್ಲಿ ನಾಲ್ಕು ಸೈಟುಗಳಿವೆ: ಈ ಹೋಂಸ್ಟೇ, ಒಂದು ಕನ್ನಡ ಸಂಘ, ಒಂದು ಪುಸ್ತಕದ ಅಂಗಡಿ, ಒಂದು ಶಾಲೆಯ ಹಳೆ ವಿದ್ಯಾರ್ಥಿಗಳ ಸೈಟು. ಒಂದೊಂದಕ್ಕೆ ಒಂದೊಂದು ಕಾವಲು ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಗಮನಿಸಿದೆ. ನಾನು ಕೇಳಿಕೊಂಡ ಪ್ರಶ್ನೆ ಒಂದೇ. ತೂತು ಬಯಲಾದ ದಿನದಿಂದ ತಿದ್ದುಪಡಿ ನಮ್ಮ ಸೈಟಿಗೆ ಬಂದು ಕೂರುವ ತನಕ, ಆ ನಡುವಿನ ಹೊತ್ತು ಬಾಗಿಲು ಕಾಯುವವರು ಯಾರು?

ಆಟೋ ಅಪ್‌ಡೇಟ್: ಸಂಘದ ಸೈಟು

2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಪ್ರತಿ ಪ್ಲಗಿನ್ ಪಕ್ಕದಲ್ಲೂ ಆಟೋ ಅಪ್‌ಡೇಟ್ ಗುಂಡಿ ಇದೆ. ಖರ್ಚು ಸೊನ್ನೆ. ದಿನಕ್ಕೆ ಎರಡು ಸಲ ಹೊಸದೇನಾದರೂ ಬಂದಿದೆಯಾ ಅಂತ ನೋಡುತ್ತದೆ.

ನೋಡುತ್ತದೆ ಅಂತ ನಾನೂ ನಂಬಿದ್ದೆ. ಎರಡನೇ ತಿಂಗಳು ಪರಿಶೀಲಿಸಿದರೆ ಸಂಘದ ಸೈಟಿನಲ್ಲಿ ಐದು ದಿನದ ಹಳೆ ಅಪ್‌ಡೇಟ್ ಹಾಗೇ ಕೂತಿತ್ತು. ಕಾರಣ ಸರಳ. ವರ್ಡ್‌ಪ್ರೆಸ್‌ನ ಒಳಗಿನ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ತಾನಾಗಿ ಏಳುವುದಿಲ್ಲ, ಯಾರಾದರೂ ಸೈಟಿಗೆ ಬಂದಾಗ ಮಾತ್ರ ಏಳುತ್ತದೆ. ಸಂಘದ ಸೈಟಿಗೆ ಜನ ಬರುವುದು ರಾಜ್ಯೋತ್ಸವ ಹತ್ತಿರ ಬಂದಾಗ. ಉಳಿದ ದಿನ ಬರುವ ಒಬ್ಬಿಬ್ಬರಿಗೆ ಕ್ಯಾಶ್‌ನಿಂದಲೇ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದಲೇ ಪುಟ ಹೋಗುತ್ತದೆ, ವರ್ಡ್‌ಪ್ರೆಸ್ ಎಚ್ಚರವಾಗುವುದೇ ಇಲ್ಲ. ಒಳಗಿನ ಕ್ರಾನ್ ಆಫ್ ಮಾಡಿ, ಹೋಸ್ಟಿಂಗ್ ಪ್ಯಾನೆಲ್‌ನಿಂದ ಗಂಟೆಗೊಮ್ಮೆ ನಿಜವಾದ ಕ್ರಾನ್ ಓಡುವಂತೆ ಮಾಡಿದೆ. ಆಮೇಲೆ ಈ ತೊಂದರೆ ಬರಲಿಲ್ಲ. ಕಡಿಮೆ ಜನ ಬರುವ ಸೈಟು ನಿಮ್ಮದಾಗಿದ್ದರೆ ಇವತ್ತೇ ಇದನ್ನು ನೋಡಿ.

ಅಪ್‌ಡೇಟ್ ಆದಾಗ ಸೈಟು ಕೆಟ್ಟರೆ? 2024ರ ಜುಲೈನಲ್ಲಿ ಬಂದ 6.6ರಿಂದ, ಆಟೋ ಅಪ್‌ಡೇಟ್ ಆದ ಕೂಡಲೇ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಕೋಡ್) ಪೂರ್ತಿ ನಿಂತುಹೋದರೆ ಹಳೆ ಆವೃತ್ತಿ ತಾನಾಗಿ ವಾಪಸ್ ಬರುತ್ತದೆ. ಆದರೆ ನಮ್ಮ ದೇಣಿಗೆ ಫಾರ್ಮ್ ಕೆಟ್ಟಿದ್ದು ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ. ಪುಟ ತೆರೆಯುತ್ತಿತ್ತು, ಗುಂಡಿ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಎರಡು ದಿನ ಯಾರಿಗೂ ತಿಳಿಯಲಿಲ್ಲ. ಹಾಗಿದ್ದರೂ ನಾನು ಆಟೋ ಅಪ್‌ಡೇಟ್ ಪರವೇ. ಎರಡು ದಿನ ಕೆಟ್ಟ ಫಾರ್ಮ್ ಸರಿ ಮಾಡಬಹುದು. ಸದಸ್ಯರ ವಿಳಾಸ, ಫೋನ್ ನಂಬರ್ ಹೊರಗೆ ಹೋದರೆ ವಾಪಸ್ ತರುವುದು ಹೇಗೆ?

ಇದರ ನಿಜವಾದ ಕುರುಡು ಬೇರೆ ಕಡೆ ಇದೆ. ಥೀಮ್ ಜೊತೆ ಬಂದ ಪ್ಲಗಿನ್, ಲೈಸೆನ್ಸ್ ಮುಗಿದ ಪ್ಲಗಿನ್, ವರ್ಡ್‌ಪ್ರೆಸ್‌ನ ಅಧಿಕೃತ ಪ್ಲಗಿನ್ ಡೈರೆಕ್ಟರಿಯಿಂದಲೇ ತೆಗೆದುಹಾಕಿದ ಪ್ಲಗಿನ್, ಇವಕ್ಕೆ ಅಪ್‌ಡೇಟ್ ಬರುವುದೇ ಇಲ್ಲ. ಇನ್ನೊಂದು ಅಪಾಯವೂ ಇದೆ. 2024ರ ಜೂನ್‌ನಲ್ಲಿ ಕೆಲವು ಪ್ಲಗಿನ್ ಡೆವಲಪರ್‌ಗಳ ಖಾತೆಗೇ ಕಳ್ಳರು ನುಗ್ಗಿ, ಅಪ್‌ಡೇಟ್ ಒಳಗೇ ಕೆಟ್ಟ ಕೋಡ್ ಸೇರಿಸಿದ್ದರು. ಅಂಥದ್ದು ಅಪರೂಪ, ಆದರೆ ಆಗಿದೆ.

ಕ್ಲೌಡ್‌ಫ್ಲೇರ್: ಹೋಂಸ್ಟೇ ಸೈಟು

ಇದು ಬರುವ ವಿನಂತಿಗಳನ್ನು ನಮ್ಮ ಸರ್ವರ್ ಮುಟ್ಟುವ ಮೊದಲೇ ದಾರಿಯಲ್ಲಿ ತಪಾಸಣೆ ಮಾಡುವ ಸೇವೆ. ಉಚಿತ ಪ್ಲಾನ್ ಹಾಕಿದೆ. ಐದು ಕಸ್ಟಮ್ ನಿಯಮ ಬರೆದುಕೊಳ್ಳಬಹುದು. ಅಪ್‌ಲೋಡ್ಸ್ ಫೋಲ್ಡರ್‌ನ ಯಾವ ಪಿಎಚ್‌ಪಿ ಫೈಲನ್ನೂ ಯಾರೂ ಕರೆಯದಂತೆ ಒಂದು, ಹೊರಗಿನ ಆ್ಯಪ್‌ಗಳು ಸೈಟಿನ ಜೊತೆ ಮಾತಾಡುವ ಹಳೆ ದಾರಿಯಾದ ಎಕ್ಸ್‌ಎಂಎಲ್‌ಆರ್‌ಪಿಸಿ ಮುಚ್ಚಲು ಒಂದು, ಲಾಗಿನ್ ಪುಟಕ್ಕೆ ಭಾರತದ ಹೊರಗಿನಿಂದ ಬಂದರೆ 'ನೀವು ಮನುಷ್ಯರೇನಾ' ಅನ್ನುವ ಪರೀಕ್ಷೆ ಕೇಳಲು ಒಂದು. ಲಾಗಿನ್ ಪುಟಕ್ಕೆ ಹೊಡೆಯುವ ಬಾಟ್‌ಗಳು ಅವತ್ತೇ ಕಡಿಮೆಯಾದವು. ಸರ್ವರ್‌ಗೂ ಉಸಿರಾಡಲು ಜಾಗ ಸಿಕ್ಕಿತು.

ಆದರೆ ಪ್ಲಗಿನ್ ತೂತಿಗೆ ಇದು ಅರ್ಧ ಕಾವಲು. ಪ್ಲಗಿನ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪು ಏನು ಗೊತ್ತಾ? ಈ ಕೆಲಸ ಮಾಡಲು ಈ ಬಳಕೆದಾರನಿಗೆ ಅಧಿಕಾರ ಇದೆಯಾ ಅಂತ ಕೇಳದೇ ಇರುವುದು. ವರ್ಡ್‌ಪ್ರೆಸ್‌ನಲ್ಲಿ 'ಈಸ್ ಅಡ್ಮಿನ್' ಅನ್ನುವ ಫಂಕ್ಷನ್ ಇದೆ. ಹೆಸರು ನೋಡಿದರೆ ಬಂದವನು ಅಡ್ಮಿನ್ ಹೌದಾ ಅಂತ ಪರೀಕ್ಷಿಸುತ್ತದೆ ಅನ್ನಿಸುತ್ತದೆ, ಅಲ್ವಾ? ಅದು ನೋಡುವುದು ಬಂದ ವಿಳಾಸ ಅಡ್ಮಿನ್ ಭಾಗದ್ದಾ ಅಂತ ಮಾತ್ರ. ಪ್ಲಗಿನ್‌ಗಳ ಹಿನ್ನೆಲೆ ವಿನಂತಿಗಳು ಹೋಗುವ ಅಡ್ಮಿನ್ ಅಜಾಕ್ಸ್ ವಿಳಾಸಕ್ಕೆ ಯಾರು ಬಂದರೂ ಅದು ಹೌದು ಅನ್ನುತ್ತದೆ. ಅದನ್ನೇ ಬೀಗ ಅಂದುಕೊಂಡು ಬರೆದ ಪ್ಲಗಿನ್‌ಗೆ ಬೀಗವೇ ಇಲ್ಲ. ಹೊರಗೆ, ದಾರಿಯಲ್ಲಿ ನಿಂತ ಫೈರ್‌ವಾಲ್‌ಗೆ (ಕೆಟ್ಟ ವಿನಂತಿ ತಡೆಯುವ ಗೋಡೆ) ಇಂಥ ವಿನಂತಿ ಸಾಮಾನ್ಯ ವಿನಂತಿಯ ಹಾಗೇ ಕಾಣುತ್ತದೆ. ಬಂದವನು ಬರೀ ಚಂದಾದಾರನಾ, ಸಂಪಾದಕನಾ ಅನ್ನುವುದು ವರ್ಡ್‌ಪ್ರೆಸ್‌ಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಜೊತೆಗೆ, ನಿಮ್ಮ ಸರ್ವರ್‌ನ ಅಸಲಿ ಐಪಿ (ಅಂತರ್ಜಾಲದ ವಿಳಾಸ ಸಂಖ್ಯೆ) ಗೊತ್ತಿರುವವರು ಕ್ಲೌಡ್‌ಫ್ಲೇರ್ ಮೂಲಕವೇ ಬರಬೇಕೆಂದಿಲ್ಲ. ಇಮೇಲ್ ಕೂಡ ಅದೇ ಸರ್ವರ್‌ನಲ್ಲಿದ್ದರೆ ಆ ಐಪಿ ಡಿಎನ್‌ಎಸ್‌ನಲ್ಲೇ, ಅಂದರೆ ಹೆಸರಿಗೆ ಐಪಿ ತೋರಿಸುವ ಬಹಿರಂಗ ಪಟ್ಟಿಯಲ್ಲೇ ಸಿಗುತ್ತದೆ. ನಮ್ಮದು ಹಾಗೇ ಇತ್ತು, ಮೇಲ್ ಅನ್ನು ಬೇರೆ ಕಡೆ ಸಾಗಿಸಿದೆ.

ವರ್ಡ್‌ಫೆನ್ಸ್: ಶಾಲೆಯ ಸೈಟು

ಇದು ಸೈಟಿನ ಒಳಗೇ ಕೂರುವ ಕಾವಲಿನ ಪ್ಲಗಿನ್. ಹಾಗಾಗಿ ಯಾರು ಲಾಗಿನ್ ಆಗಿದ್ದಾರೆ, ಅವರ ಅಧಿಕಾರ ಎಷ್ಟು ಅನ್ನುವುದು ಇದಕ್ಕೆ ಗೊತ್ತಾಗುತ್ತದೆ. 'ಎಕ್ಸ್‌ಟೆಂಡೆಡ್ ಪ್ರೊಟೆಕ್ಷನ್' ಆನ್ ಮಾಡುವುದನ್ನು ಮರೆಯಬೇಡಿ. ಆಗ ವರ್ಡ್‌ಪ್ರೆಸ್ ಏಳುವ ಮೊದಲೇ ಇದು ಎದ್ದಿರುತ್ತದೆ, ಪ್ಲಗಿನ್‌ನ ಫೈಲನ್ನು ನೇರವಾಗಿ ಕರೆದರೂ ನಡುವೆ ನಿಲ್ಲುತ್ತದೆ.

ಉಚಿತ ಆವೃತ್ತಿಗೆ ಹೊಸ ಫೈರ್‌ವಾಲ್ ನಿಯಮ ಬರುವುದು ದುಡ್ಡು ಕೊಟ್ಟವರಿಗಿಂತ 30 ದಿನ ತಡವಾಗಿ. ಇದನ್ನು ಅವರೇ ಹೇಳಿಕೊಂಡಿದ್ದಾರೆ, ಮುಚ್ಚಿಟ್ಟಿಲ್ಲ. ದೊಡ್ಡ ತೂತು ಬಯಲಾದರೆ ದಾಳಿ ಗಂಟೆಗಳಲ್ಲೇ ಶುರುವಾಗುತ್ತದೆ, ಆದ್ದರಿಂದ 30 ದಿನ ತುಂಬಾ ಜಾಸ್ತಿ. ಸಾಮಾನ್ಯ ದಾಳಿಗಳಿಗೆ ಇರುವ ನಿಯಮಗಳು ಮಾತ್ರ ಮೊದಲ ದಿನದಿಂದಲೇ ಇವೆ.

ಆದರೂ ಇದನ್ನು ನಾನು ಇಟ್ಟುಕೊಂಡಿರುವುದು ಸ್ಕ್ಯಾನಿಗಾಗಿ. ಈ ಪ್ಲಗಿನ್ ಡೈರೆಕ್ಟರಿಯಿಂದ ತೆಗೆಯಲಾಗಿದೆ, ಇದಕ್ಕೆ ಎರಡು ವರ್ಷದಿಂದ ಅಪ್‌ಡೇಟ್ ಇಲ್ಲ ಅಂತ ಇಮೇಲ್ ಕಳಿಸುತ್ತದೆ. ಆಟೋ ಅಪ್‌ಡೇಟ್‌ಗೆ ಕಾಣದ ಜಾಗ ಇದಕ್ಕೆ ಕಾಣುತ್ತದೆ. ಶಾಲೆಯ ಸೈಟಿನಲ್ಲಿ ಅಂಥವು ಮೂರು ಸಿಕ್ಕವು.

ಪ್ಯಾಚ್‌ಸ್ಟಾಕ್: ಪುಸ್ತಕದ ಅಂಗಡಿ

ಇದು ಪ್ಲಗಿನ್ ತೂತುಗಳ ಮೇಲೆ ಕಣ್ಣಿಡುವ ಸೇವೆ. ಉಚಿತದಲ್ಲಿ ಎಚ್ಚರಿಕೆ ಮಾತ್ರ, ವರ್ಚುವಲ್ ಪ್ಯಾಚ್ (ನಿಜವಾದ ತಿದ್ದುಪಡಿ ಬರುವ ತನಕ ಆ ತೂತಿನ ದಾಳಿಗೆ ಹಾಕುವ ತಡೆ) ಬೇಕಾದರೆ ದುಡ್ಡು. ಪ್ಲಗಿನ್‌ನ ಕೋಡನ್ನು ಇದು ಮುಟ್ಟುವುದಿಲ್ಲ. ನಿಮ್ಮ ಸೈಟಿನಲ್ಲಿ ಯಾವ ಪ್ಲಗಿನ್ ಯಾವ ಆವೃತ್ತಿಯಲ್ಲಿದೆ ಅಂತ ನೋಡಿ, ಆ ತೂತಿಗೆ ಹೊಂದುವ ತಡೆಯನ್ನಷ್ಟೇ ಹಾಕುತ್ತದೆ. ಸುಮ್ನೆ ಎಲ್ಲದಕ್ಕೂ ಅಡ್ಡ ನಿಲ್ಲುವುದಿಲ್ಲ. ಅದಕ್ಕೇ ಹಗುರ.

ಇದರ ಉಪಯೋಗ ನನಗೆ ಗೊತ್ತಾದದ್ದು ಬಿಲ್ ಮಾಡುವ ಒಂದು ಪ್ಲಗಿನ್‌ನಲ್ಲಿ ತೂತು ಬಯಲಾದಾಗ. ಬರೆದವರಿಂದ ತಿದ್ದುಪಡಿ ಇನ್ನೂ ಬಂದಿರಲಿಲ್ಲ. ಪ್ಲಗಿನ್ ಆಫ್ ಮಾಡಿದರೆ ಅಂಗಡಿಯ ವ್ಯಾಪಾರ ನಿಲ್ಲುತ್ತದೆ, ಬಿಟ್ಟರೆ ಗ್ರಾಹಕರ ವಿಳಾಸಗಳು ಬಯಲಲ್ಲಿ. ಎಚ್ಚರಿಕೆ ಬಂದಾಗಲೇ ತಡೆಯೂ ಬಿದ್ದಿತ್ತು. ತಿದ್ದುಪಡಿ ಬರಲು ಹಿಡಿದ ಒಂಬತ್ತು ದಿನ ನಾನು ನಿದ್ದೆ ಮಾಡಿದೆ. ಯಾರೂ ಇನ್ನೂ ಕಂಡುಹಿಡಿಯದ ತೂತಿಗೆ ಮಾತ್ರ ಇದರ ಹತ್ತಿರವೂ ಮದ್ದಿಲ್ಲ.

ಹಾಗಾದರೆ ಯಾವುದು? ಹಣದ ವಹಿವಾಟು ಇರುವ ಸೈಟಿಗೆ ವರ್ಚುವಲ್ ಪ್ಯಾಚ್, ಅದರಲ್ಲಿ ಎರಡು ಮಾತಿಲ್ಲ. ಸಂಘ, ಶಾಲೆಯಂಥ ಬಜೆಟ್ ಇಲ್ಲದ ಸೈಟಿಗೆ ಆಟೋ ಅಪ್‌ಡೇಟ್, ನಿಜವಾದ ಕ್ರಾನ್, ಮೇಲೆ ಉಚಿತ ವರ್ಡ್‌ಫೆನ್ಸ್. ಕ್ಲೌಡ್‌ಫ್ಲೇರ್ ಎಲ್ಲಕ್ಕೂ ಇರಲಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಕಾವಲಿನ ಪ್ಲಗಿನ್ ಕೂಡ ಒಂದು ಪ್ಲಗಿನ್ನೇ ಅನ್ನುವುದು ನೆನಪಿರಲಿ. 2024ರ ನವೆಂಬರ್‌ನಲ್ಲಿ, 40 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿದ್ದ ರಿಯಲೀ ಸಿಂಪಲ್ ಸೆಕ್ಯುರಿಟಿಯ ಎರಡು ಹಂತದ ಲಾಗಿನ್‌ನಲ್ಲೇ ತೂತು ಸಿಕ್ಕಿತ್ತು. ಅದು ಆನ್ ಇದ್ದ ಸೈಟಿನಲ್ಲಿ ಪಾಸ್‌ವರ್ಡ್ ಇಲ್ಲದೆ ಅಡ್ಮಿನ್ ಆಗಬಹುದಿತ್ತು.

ಒಂದು ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸಕ್ಕೆ ಯಾವ ಹೆಸರೂ ಇಲ್ಲ: ಪ್ಲಗಿನ್ ಅಳಿಸುವುದು. ಆಫ್ ಮಾಡಿ ಬಿಡುವುದಲ್ಲ, ಅಳಿಸುವುದು. 2020ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯುಪಿ ಫೈಲ್ ಮ್ಯಾನೇಜರ್ ಅನ್ನುವ ಪ್ಲಗಿನ್‌ನ ಮೇಲೆ ದಾಳಿ ನಡೆದಾಗ, ತೂತಿದ್ದ ಫೈಲನ್ನು ಬ್ರೌಸರ್‌ನಿಂದ ನೇರವಾಗಿ ಕರೆಯಬಹುದಾಗಿತ್ತು. ಅಂಥ ಫೈಲು ಡಿಸ್ಕ್‌ನಲ್ಲಿ ಇದ್ದರೆ ಸಾಕು, ಪ್ಲಗಿನ್ ಆಫ್ ಇದ್ದರೂ ಒಂದೇ. ಶಾಲೆಯ ಸೈಟಿನಲ್ಲಿ 27 ಪ್ಲಗಿನ್ ಇದ್ದವು, ಈಗ 9.

ಆ ಒಂಬತ್ತರಲ್ಲಿ ಒಂದು ಹಳೆಯ ಗ್ಯಾಲರಿ. ಬರೆದವರು ಕೈಬಿಟ್ಟಿದ್ದಾರೆ. ಹಳೆ ವಿದ್ಯಾರ್ಥಿಗಳ ಫೋಟೊಗಳೆಲ್ಲ ಅದರೊಳಗೇ ಇವೆ, ಕೆಳಗೆ ಯಾರು ಯಾರು ಅಂತ ಹೆಸರು ಬರೆದಿರುವುದೂ ಅದರೊಳಗೇ. ಭಾನುವಾರ ಕೂತು ಒಂದೊಂದೇ ಬ್ಯಾಚನ್ನು ವರ್ಡ್‌ಪ್ರೆಸ್‌ನದ್ದೇ ಗ್ಯಾಲರಿ ಬ್ಲಾಕಿಗೆ ಸಾಗಿಸುತ್ತಿದ್ದೇನೆ. ಇನ್ನು ನಾಲ್ಕು ಬ್ಯಾಚ್ ಬಾಕಿ. ಅಲ್ಲಿಯವರೆಗೆ ಈ ಸೈಟಿಗೂ ವರ್ಚುವಲ್ ಪ್ಯಾಚ್ ಹಾಕಿಸಿದ್ದೇನೆ.