ರಾಜರ ಕಣಿವೆಯೋ, ಸಕ್ಕಾರಾವೋ?

ಈಜಿಪ್ಟಿನ ಗೋರಿ ಅಗೆಯಲು ಹೊರಟವರು ಮೊದಲು ನಿರ್ಧರಿಸಬೇಕಾದದ್ದು ಇಷ್ಟು: ಗಟ್ಟಿ ಮಣ್ಣಿನ ಜೊತೆ ಗುದ್ದಾಡುವುದೋ, ಜಾರುವ ಮರಳಿನ ಜೊತೆಯೋ?

ಲಕ್ಸರ್ ಬಳಿಯ ರಾಜರ ಕಣಿವೆಯಲ್ಲಿ ಗೋರಿಗಳನ್ನು ಸುಣ್ಣಕಲ್ಲಿನ ಬೆಟ್ಟಕ್ಕೇ ಕೊರೆದಿದ್ದಾರೆ. ಎಂದೋ ಸುರಿದ ಮಳೆಯ ಪ್ರವಾಹ ಒಳಗೆ ತುಂಬಿದ ಕಲ್ಲುಮಣ್ಣು ಒಣಗಿ ಸಿಮೆಂಟಿನಂತಾಗಿರುತ್ತದೆ. ಫೇರೋ (ಈಜಿಪ್ಟಿನ ದೊರೆ) ಎರಡನೆಯ ರಾಮ್ಸೆಸ್‌ನ ಮಕ್ಕಳ ಗೋರಿ, ಅಂದರೆ ಕಣಿವೆಯ ಐದನೆಯ ಸಂಖ್ಯೆಯ ಗೋರಿ ಕೆವಿ5ರಲ್ಲಿ 1995ರಲ್ಲಿ ಉದ್ದನೆಯ ಓಣಿ ಸಿಕ್ಕಿದ ಮೇಲೂ ವರ್ಷಗಟ್ಟಲೆ ನಡೆದದ್ದು ಇದೇ ಅಗೆತ. ಗೋಡೆ ಹತ್ತಿರವಾದಂತೆ ಪಿಕಾಸಿ ಕೆಳಗಿಟ್ಟು ಕರಣೆ, ಆಮೇಲೆ ಕರಣೆ ಬಿಟ್ಟು ಬ್ರಷ್. ಗೇಣುದ್ದ ಬಣ್ಣದ ಗಾರೆಗೆ ಇಡೀ ಬೆಳಗ್ಗೆ ಕಳೆದುಹೋದರೂ ಯಾರೂ ಗೊಣಗುವುದಿಲ್ಲ.

ಕೈರೋಗೆ ಹತ್ತಿರವಿರುವ ಹಳೆಯ ಸ್ಮಶಾನ ಸಕ್ಕಾರಾದಲ್ಲಿ ಗೋರಿಗಳಿಗೆ ಬಾವಿಯಂತೆ ನೇರ ಇಳಿಯುವ ಕೂಪಗಳು; ಹತ್ತು ಮೀಟರ್ ಮೀರಿದವೂ ಇವೆ. ಹಗ್ಗ ಹಿಡಿದು ಇಳಿಯಬೇಕು, ಮರಳಿನ ಬುಟ್ಟಿ ತಲೆಯ ಮೇಲೆಯೇ ಏರುತ್ತಿರುತ್ತದೆ. ಇಕ್ಕಟ್ಟು ಕಂಡರೆ ಉಸಿರುಗಟ್ಟುವವರು ಇತ್ತ ಬರಬೇಡಿ.

ಚಳಿಗಾಲದ ಹಂಗಾಮು, ನಸುಕಿನಲ್ಲೇ ಶುರುವಾಗುವ ಕೆಲಸ, ಜರಡಿ, ಮುಗಿಯದ ಮಡಕೆಚೂರುಗಳ ವಿಂಗಡಣೆ ಎರಡೂ ಕಡೆ ತಪ್ಪಿದ್ದಲ್ಲ. ಆಳುಗಳ ಮೇಸ್ತ್ರಿಗೆ ಅಲ್ಲಿ 'ರಯೀಸ್' ಎನ್ನುತ್ತಾರೆ. ಕುಫ್ತ್ ಊರಿನ ಕುಟುಂಬಗಳಿಗೆ ಈ ಕಸುಬು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ತಲೆಮಾರುಗಳದ್ದು. ಹೊಸಬರು ಅವರ ಕೈಯನ್ನೇ ನೋಡುತ್ತಿದ್ದರೆ ಸಾಕು.

ಚಿತ್ರ, ಬಣ್ಣ ಇಷ್ಟವಿದ್ದರೆ ಕಣಿವೆ. ಶವಪೆಟ್ಟಿಗೆಗಳ ಆಸೆಯಿದ್ದರೆ ಸಕ್ಕಾರಾ. ನಾನಾದರೆ ಕಣಿವೆಗೇ ಹೋಗುತ್ತೇನೆ, ಹಗ್ಗವೆಂದರೆ ನನಗೆ ಭಯ.